ನೆಲದ ಮೇಲಿನ ಮೂರು ಗೆರೆಗಳು

ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಬೇಕೆಂದು ಕಾಲೇಜಿನಿಂದ ಪತ್ರ ಬಂದಾಗ ನನ್ನ ಕಣ್ಣ ಮುಂದೆ ತರಗತಿಯಾಗಲಿ ಕ್ಯಾಂಟೀನಾಗಲಿ ಬರಲಿಲ್ಲ. ಬಂದದ್ದು ಹಳೆಯ ಕಟ್ಟಡದ ಹಿಂಭಾಗದಲ್ಲಿದ್ದ ವ್ಯಾಯಾಮದ ಹಾಲ್, ಅದರ ರೆಡ್ ಆಕ್ಸೈಡ್ ನೆಲ ಮತ್ತು ಆ ನೆಲದ ಮೇಲೆ ಸೀಮೆಸುಣ್ಣದಿಂದ ನಾನು ಎಳೆದಿದ್ದ ಮೂರು ಅಡ್ಡಗೆರೆಗಳು. ಪದವಿಯ ಎರಡನೆಯ ವರ್ಷದಲ್ಲಿ, 2009ರ ಜನವರಿಯಲ್ಲಿ ನಡೆಯಲಿದ್ದ ಟೇಕ್ವಾಂಡೊ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ನಾನು ಸಿದ್ಧವಾದದ್ದು ಆ ಹಾಲ್‌ನಲ್ಲಿ. ಸಿದ್ಧವಾದೆ ಎನ್ನುವುದಕ್ಕಿಂತ, ಸಿದ್ಧವಾಗಿದ್ದೇನೆ ಎಂಬ ಭ್ರಮೆಯನ್ನು ಕಳೆದುಕೊಂಡದ್ದು ಅಲ್ಲಿ ಎಂದರೆ ಹೆಚ್ಚು ಸರಿ.

ಬಿಳಿ ಸಮವಸ್ತ್ರದ ಮೇಲೊಂದು ಸ್ವೆಟರ್ ಹಾಕಿಕೊಂಡು ಮುಂಜಾನೆ ಐದೂವರೆಗೆ ಜಯನಗರದಿಂದ ಬಸವನಗುಡಿಗೆ ಬಸ್ಸು ಹತ್ತುತ್ತಿದ್ದ ನನ್ನನ್ನು ಕಂಡಕ್ಟರುಗಳು "ಕರಾಟೆನಾ?" ಎಂದು ಕೇಳುತ್ತಿದ್ದರು, ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಹೌದೆಂದು ತಲೆಯಾಡಿಸಿ ಚಿಲ್ಲರೆ ತೆಗೆದುಕೊಳ್ಳುತ್ತಿದ್ದೆ. ಕರಾಟೆ ಜಪಾನಿನದು, ಟೇಕ್ವಾಂಡೊ ಕೊರಿಯಾದ್ದು; ಟೇ ಎಂದರೆ ಕಾಲು, ಕ್ವಾನ್ ಎಂದರೆ ಮುಷ್ಟಿ, ದೊ ಎಂದರೆ ಮಾರ್ಗ. ಪರೀಕ್ಷೆಯಲ್ಲಿ ಬಾಯಿಪ್ರಶ್ನೆಗಳೂ ಇರುತ್ತಿದ್ದುದರಿಂದ ಆ ಬಸ್ಸಿನಲ್ಲಿಯೇ ಒಂದು ಚಿಕ್ಕ ನೋಟ್‌ಬುಕ್ ತೆರೆದು ಇಸವಿಗಳನ್ನು ಉರು ಹೊಡೆಯುತ್ತಿದ್ದೆ: ಈ ವಿದ್ಯೆಗೆ ಟೇಕ್ವಾಂಡೊ ಎಂಬ ಹೆಸರು ನಿಂತದ್ದು 1955ರಲ್ಲಿ, ಸಿಯೋಲ್‌ನಲ್ಲಿ ಕುಕ್ಕಿವೊನ್ ಎಂಬ ಕೇಂದ್ರ ತೆರೆದದ್ದು 1972ರಲ್ಲಿ, ವಿಶ್ವ ಒಕ್ಕೂಟ ಹುಟ್ಟಿದ್ದು ಅದರ ಮರುವರ್ಷ, ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾದದ್ದು 2000ದ ಸಿಡ್ನಿಯಲ್ಲಿ. 1966ರಲ್ಲಿ ಹುಟ್ಟಿದ ಇನ್ನೊಂದು ಒಕ್ಕೂಟದ ಪರಂಪರೆಯೂ ಇದೆ, ಅದರ ಪಾಠಕ್ರಮವೇ ಬೇರೆ. ನಾವು ಕುಕ್ಕಿವೊನ್ ದಾರಿಯವರು. ಇಸವಿಗಳು ಸೌತ್ ಎಂಡ್ ಸರ್ಕಲ್ ದಾಟುವಷ್ಟರಲ್ಲಿ ಬಾಯಿಗೆ ಬಂದುಬಿಡುತ್ತಿದ್ದವು. ಕಾಲಿಗೆ ಬರಬೇಕಾದದ್ದೇ ಬರುತ್ತಿರಲಿಲ್ಲ.

ಹಾಲ್‌ನ ಬೀಗ ತೆಗೆಯುತ್ತಿದ್ದವರು ಕಾಲೇಜಿನ ಅಟೆಂಡರ್ ಒಬ್ಬರು. ಮಾಗಡಿ ಕಡೆಯವರು, ನಿವೃತ್ತಿಗೆ ಮೂರೋ ನಾಲ್ಕೋ ವರ್ಷ ಉಳಿದಿದ್ದವರು. ಬೀಗ ತೆಗೆದ ಮೇಲೆ ಅವರು ಹೋಗುತ್ತಿರಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಮಫ್ಲರ್ ಸುತ್ತಿಕೊಂಡು ಕುಳಿತು ನಮ್ಮ ಮಾಸ್ಟರ್ ಎಣಿಸುವುದನ್ನು ಕೇಳುತ್ತಿದ್ದರು. ಜಗತ್ತಿನ ಯಾವ ಊರಿನಲ್ಲಿ ಕಲಿತರೂ ಟೇಕ್ವಾಂಡೊದ ಎಣಿಕೆಯೂ ಆಜ್ಞೆಗಳೂ ಕೊರಿಯನ್ ಭಾಷೆಯವೇ: ಹನಾ, ದುಲ್, ಸೆತ್, ನೆತ್. ಕೆಲವು ತಿಂಗಳಲ್ಲಿ ಆ ಎಣಿಕೆ ಅಟೆಂಡರ್ ಅವರ ಬಾಯಲ್ಲಿ "ಹಣ, ಧೂಳು, ಸೆಟ್ಟು, ನೆತ್ತಿ" ಎಂದಾಗಿ, ಹತ್ತರವರೆಗೂ ಅದೇ ಧಾಟಿಯಲ್ಲಿ ಬೆಳೆದು, ಮಾಸ್ಟರ್ ತಡವಾಗಿ ಬಂದ ದಿನಗಳಲ್ಲಿ ನಮಗೆ ಎಣಿಸಿಕೊಡುವಷ್ಟಕ್ಕೆ ಬಂದಿತ್ತು. ಅವರ ಎಣಿಕೆಗೆ ಒದೆದ ಒದೆತಗಳು ಹೆಚ್ಚು ಸಲೀಸಾಗಿ ಬರುತ್ತಿದ್ದವೆಂದು ನನಗೆ ಈಗಲೂ ಅನ್ನಿಸುತ್ತದೆ.

ಹೊರಗಿನವರಿಗೆ ಈ ವಿದ್ಯೆಯೆಂದರೆ ಒದೆತ. ಒಳಗಿದ್ದವರಿಗೆ ಗೊತ್ತಿರುವ ಕಷ್ಟ ಪೂಮ್ಸೆ, ಅಂದರೆ ಎದುರಾಳಿಯಿಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡಬೇಕಾದ ತಡೆ, ಗುದ್ದು, ಒದೆತಗಳ ಸರಣಿ. ಬ್ಲ್ಯಾಕ್ ಬೆಲ್ಟಿಗೆ ಮೊದಲು ಕಲಿಯಬೇಕಾದವು ತೆಗುಕ್ ಎಂಬ ಹೆಸರಿನ ಎಂಟು ಪೂಮ್ಸೆಗಳು. ಇಲ್ ಜಾಂಗ್ ಎಂದರೆ ಒಂದನೆಯದು, ಪಲ್ ಜಾಂಗ್ ಎಂದರೆ ಎಂಟನೆಯದು. ಒಂದೊಂದಕ್ಕೂ ಮೂರು ಗೆರೆಗಳ ಒಂದೊಂದು ಚಿಹ್ನೆಯಿದೆ. ಅಂಥ ಎಂಟು ಚಿಹ್ನೆಗಳಲ್ಲಿ ನಾಲ್ಕನ್ನು ದಕ್ಷಿಣ ಕೊರಿಯಾದ ಧ್ವಜದ ನಾಲ್ಕು ಮೂಲೆಗಳಲ್ಲಿ ನೋಡಬಹುದು. ಮೊದಲನೆಯದರ ಮೂರೂ ಗೆರೆಗಳು ತುಂಡಾಗದವು, ಅದು ಆಕಾಶ. ಕೊನೆಯದರ ಮೂರೂ ಗೆರೆಗಳು ನಡುವೆ ತುಂಡಾದವು, ಅದು ಭೂಮಿ. ನಡುವೆ ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಪರ್ವತ. ಪೂಮ್ಸೆ ಮಾಡುವವನ ಹೆಜ್ಜೆಗಳು ನೆಲದ ಮೇಲೆ ಮೂರು ಸಾಲುಗಳಲ್ಲಿ ಎಡಕ್ಕೂ ಬಲಕ್ಕೂ ಓಡಾಡಿ, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಒಂದು ಗೇಣು ಆಚೆ ನಿಂತರೂ ಎಲ್ಲೋ ಒಂದು ಹೆಜ್ಜೆ ಗಿಡ್ಡವಾಗಿದೆ ಎಂದೇ ಅರ್ಥ.

ಬ್ಲ್ಯಾಕ್ ಬೆಲ್ಟಿಗೆ ಹಿಂದಿನ ಮೆಟ್ಟಿಲಾದ ರೆಡ್ ಒನ್ ಬೆಲ್ಟ್ ಕಟ್ಟಿದಂದಿನಿಂದ ನಾನು ಪಲ್ ಜಾಂಗ್ ಒಂದನ್ನೇ ಹಿಡಿದು ಕುಳಿತಿದ್ದೆ. ಅದರಲ್ಲಿ ಹಾರಿ ಒದೆಯುವುದಿದೆ, ನೋಡುವವರ ಕಣ್ಣಿಗೆ ಅದು ಚೆನ್ನ. ಪರೀಕ್ಷೆಯಲ್ಲಿ ಅದನ್ನು ಕೇಳುವುದು ಹೆಚ್ಚುಕಡಿಮೆ ಖಚಿತ. ಅದರ ಜೊತೆಗೆ ಉಳಿದ ಏಳರಲ್ಲಿ ಯಾವುದನ್ನಾದರೂ ಕೇಳಬಹುದು ಎಂದು ಮಾಸ್ಟರ್ ಹೇಳಿದ್ದರೂ, ಅವೆಲ್ಲ ವರ್ಷಗಳ ಹಿಂದೆಯೇ ದಾಟಿಬಂದ ಮೆಟ್ಟಿಲುಗಳು ಎಂಬ ಧೈರ್ಯ ನನ್ನದು.

ಪರೀಕ್ಷೆಗೆ ಯಾರನ್ನು ಕಳುಹಿಸುವುದೆಂದು ತೀರ್ಮಾನಿಸಲು ಮಾಸ್ಟರ್ ಮೊದಲು ತಾವೇ ಒಂದು ಪರೀಕ್ಷೆ ನಡೆಸುತ್ತಿದ್ದರು. ಆ ವರ್ಷ ಅದು ಕಡಲೆಕಾಯಿ ಪರಿಷೆಯ ಹಿಂದಿನ ಭಾನುವಾರ ಬಂದಿತ್ತು. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಆಗಲೇ ಕಾಯಿಯ ರಾಶಿಗಳು ಬಿದ್ದಿದ್ದವು. ಮಕ್ಕಳು ಊದುತ್ತಿದ್ದ ಪೀಪಿಯ ಸದ್ದು ಹಾಲ್‌ನ ಕಿಟಕಿಗಳಿಂದ ಒಳಗೆ ಬರುತ್ತಿತ್ತು. ಪಲ್ ಜಾಂಗ್ ಮುಗಿಸಿ ನಾನು ಬೆವರು ಒರೆಸಿಕೊಳ್ಳುತ್ತಿರುವಾಗ ಮಾಸ್ಟರ್ "ಇಲ್ ಜಾಂಗ್" ಎಂದರು. ವೈಟ್ ಬೆಲ್ಟಿನ ಮಕ್ಕಳು ಮಾಡುವ ಪೂಮ್ಸೆ, ಒಟ್ಟು ಹದಿನೆಂಟು ಚಲನೆ. ಎಡಕ್ಕೆ ತಿರುಗಿ ಕೆಳಗಿನ ತಡೆ, ಒಂದು ಹೆಜ್ಜೆ ಮುಂದಿಟ್ಟು ಗುದ್ದು. ಹಿಂದಿರುಗಿ ಅದೇ ತಡೆ, ಅದೇ ಗುದ್ದು. ಆಮೇಲೆ ಎದುರಿಗೆ ಉದ್ದದ ನಿಲುವಿನಲ್ಲಿ ತಡೆಯೊಂದು, ಗುದ್ದೊಂದು. ಅಲ್ಲಿಂದ ಎರಡನೆಯ ಗೆರೆ. ಮೊದಲನೆಯ ಮತ್ತು ಮೂರನೆಯ ಗೆರೆಗಳಲ್ಲಿ ಮೊದಲು ಎಡಕ್ಕೆ ತಿರುಗಬೇಕು, ನಡುವಿನದರಲ್ಲಿ ಮಾತ್ರ ಬಲಕ್ಕೆ. ಸಾವಿರ ಸಲ ಯೋಚಿಸದೆ ಬಲಕ್ಕೆ ತಿರುಗಿದ್ದ ನಾನು ಅಂದು ಯೋಚಿಸಿದೆ, ಎಡಕ್ಕೆ ತಿರುಗಿದೆ. ತಿರುಗಿದ ಕ್ಷಣ ಪಕ್ಕದಲ್ಲಿದ್ದವನ ಮುಖ ಎದುರಿಗೆ ಕಂಡಿತು. ಅವನು ಸರಿಯಾದ ದಿಕ್ಕಿಗೇ ತಿರುಗಿದ್ದ, ನನ್ನನ್ನು ನೋಡಿ ಕಣ್ಣರಳಿಸಿದ. ನಾನು ಅಲ್ಲಿಯೇ ನಿಂತುಬಿಟ್ಟೆ. ಹೊರಗಡೆ ಪೀಪಿ ಊದುತ್ತಲೇ ಇತ್ತು.

ಮಾಸ್ಟರ್ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮರುದಿನದಿಂದ ಆರು ವಾರ ವೈಟ್ ಬೆಲ್ಟಿನವರ ಸಾಲಿನಲ್ಲಿ ನಿಲ್ಲಬೇಕು, ಇಲ್ ಜಾಂಗ್ ಬಿಟ್ಟು ಬೇರೆ ಯಾವ ಪೂಮ್ಸೆಯನ್ನೂ ತರಗತಿಯ ಸಮಯದಲ್ಲಿ ಮುಟ್ಟಬಾರದು, ಆಮೇಲೆ ನೋಡೋಣ ಎಂದರು. ಹತ್ತು ಹನ್ನೊಂದರ ಮಕ್ಕಳ ಸಾಲಿನಲ್ಲಿ ಕೆಂಪು ಬೆಲ್ಟ್ ಕಟ್ಟಿಕೊಂಡು ನಿಲ್ಲುವುದು ಎಷ್ಟು ಮುಜುಗರದ ಸಂಗತಿಯೆಂದು ನಿಂತವರಿಗೇ ಗೊತ್ತು. ನಮ್ಮೊಂದಿಗೆ ಅದೇ ಪರೀಕ್ಷೆಗೆ ಹೊರಟಿದ್ದ ಹದಿಮೂರರ ಹುಡುಗನೊಬ್ಬನಿದ್ದ. ಹದಿನೈದು ತುಂಬದವರಿಗೆ ಸಿಗುವುದು ದಾನ್ ಎಂಬ ಬ್ಲ್ಯಾಕ್ ಬೆಲ್ಟ್ ದರ್ಜೆಯಲ್ಲ, ಪೂಮ್ ಎಂಬ ಕಿರಿಯರ ದರ್ಜೆ. ಅವರ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ಅರ್ಧ ಬೆಲ್ಟಿನ ಆ ಅಭ್ಯರ್ಥಿ ನನ್ನ ಬಳಿ ಬಂದು, "ಅಕ್ಕ, ಕೈ ನೋಡಬೇಡಿ, ತಿರುಗುವ ಕಡೆಗೆ ಮೊದಲು ಕತ್ತು ಹೊರಳಿಸಿ" ಎಂದು ಸಲಹೆ ಕೊಟ್ಟ. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ನಿಜವಾಗಿತ್ತು.

ಸೀಮೆಸುಣ್ಣದ ಗೆರೆಗಳು ಬಂದದ್ದು ಆಗ. ಮುಂಜಾನೆ ನಾನು ಮನೆಯಿಂದ ಹೊರಡುವ ಹೊತ್ತಿಗೆ ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ಗೆರೆ ಎಳೆಯುವಾಗ ಅವಳು ಕೈಬೆರಳನ್ನು ನೋಡುವುದಿಲ್ಲ, ಮುಂದೆ ಹೋಗಿ ಸೇರಬೇಕಾದ ಚುಕ್ಕಿಯನ್ನು ನೋಡುತ್ತಾಳೆ ಎಂಬುದು ಅಷ್ಟು ವರ್ಷ ಕಂಡರೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅಂದು ಹಾಲ್‌ಗೆ ಹೋದವಳೇ ನೆಲದ ಮೇಲೆ ಮೂರು ಅಡ್ಡಗೆರೆ ಎಳೆದು, ಅವುಗಳನ್ನು ಸೇರಿಸುವ ಒಂದು ಉದ್ದಗೆರೆ ಎಳೆದು, ತಿರುಗುವ ತುದಿಗಳಲ್ಲೆಲ್ಲ ಚುಕ್ಕಿ ಇಟ್ಟೆ. ಅಟೆಂಡರ್ ಬಂದು ನೋಡಿ, ನೆಲ ಹಾಳು ಮಾಡಿದೆನೆಂದು ಗೊಣಗಿದರು, ಆದರೆ ಒರೆಸಲಿಲ್ಲ. ಗುಡಿಸುವಾಗ ಗೆರೆಗಳ ಸುತ್ತ ಪೊರಕೆ ಆಡಿಸಿ ಬಿಟ್ಟುಬಿಡುತ್ತಿದ್ದರು. ದಿನಕ್ಕೆ ನಲವತ್ತು ಸಲ ಆ ಗೆರೆಗಳ ಮೇಲೆ ನಡೆದೆ. ಮೊದಲ ವಾರ ಹೊರಟ ಜಾಗದಿಂದ ಒಂದು ಅಡಿ ಹಿಂದೆ ನಿಲ್ಲುತ್ತಿದ್ದೆ. ಉದ್ದದ ನಿಲುವಿನಲ್ಲಿ ಹಿಂದಿನ ಕಾಲಿನ ಹಿಮ್ಮಡಿ ಮೇಲೇಳುತ್ತಿದೆ, ಅದರಿಂದ ಹೆಜ್ಜೆ ಗಿಡ್ಡವಾಗುತ್ತಿದೆ ಎಂಬುದು ತಿಳಿಯಲು ಎರಡು ವಾರ ಹಿಡಿಯಿತು. ಪಲ್ ಜಾಂಗಿನ ನನ್ನ ಹಾರಿಕೆ ಪ್ರತಿ ಸಲ ಎಡಕ್ಕೆ ವಾಲುತ್ತಿದ್ದುದಕ್ಕೂ ಇದೇ ಹಿಮ್ಮಡಿ ಕಾರಣವೆಂದು ಕಂಡುಕೊಂಡದ್ದು ಅದಕ್ಕೂ ಆಮೇಲೆ.

ಹಲಗೆ ಒಡೆಯುವುದರ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಕೇಳುವವರೆಲ್ಲ ಮೊದಲು ಕೇಳುವುದು ಅದನ್ನೇ. ಅಭ್ಯಾಸದ ಹಲಗೆಗಳನ್ನು ಮೈಸೂರು ರಸ್ತೆಯ ಮರದ ಅಂಗಡಿಯೊಂದರಲ್ಲಿ ಕತ್ತರಿಸಿ ತರುತ್ತಿದ್ದೆವು, ಸುಮಾರು ಎರಡು ಸೆಂಟಿಮೀಟರ್ ದಪ್ಪದವು. ಗರಗಸದ ಮುಂದೆ ನಿಂತಿದ್ದ ಮುದುಕರು ಅವು ಏತಕ್ಕೆಂದು ಕೇಳಿ ತಿಳಿದುಕೊಂಡು, ಸೌದೆ ಸೀಳುವವನಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿದ್ದರೆ ಸಾಕು, ಮರ ಎಳೆಯ ಉದ್ದಕ್ಕೆ ಬಿಟ್ಟುಕೊಡುತ್ತದೆ, ಅಡ್ಡಕ್ಕೆ ಬಿಟ್ಟುಕೊಡುವುದಿಲ್ಲ ಎಂದರು. ಹಿಡಿಯುವವರ ಕೈ ಅಲುಗದಿದ್ದು, ಪಾದದ ಹೊರ ಅಂಚು ನಡುಮಧ್ಯಕ್ಕೆ ಬಿದ್ದರೆ ಹಲಗೆ ಒಡೆಯುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಇಡೀ ಪರೀಕ್ಷೆಯಲ್ಲಿ ನನಗೆ ಅತಿ ಕಡಿಮೆ ಗೌರವವಿದ್ದ ಭಾಗ ಅದು, ಈಗಲೂ ಅಷ್ಟೇ.

ಆರು ವಾರದ ಕೊನೆಗೆ ಮಾಸ್ಟರ್ ಒಂದು ಸಲ ಇಲ್ ಜಾಂಗ್ ಮಾಡಿಸಿದರು, ಅದೂ ಕಣ್ಣಿಗೆ ಬಟ್ಟೆ ಕಟ್ಟಿ. ಮುಗಿಸಿ ಬಟ್ಟೆ ತೆಗೆದಾಗ ನನ್ನ ಎಡಪಾದ ಚುಕ್ಕಿಯಿಂದ ನಾಲ್ಕು ಬೆರಳು ಆಚೆಗಿತ್ತು. ಅವರು ಏನೂ ಹೇಳದೆ ಅರ್ಜಿಗೆ ಸಹಿ ಹಾಕಿದರು.

ಪರೀಕ್ಷೆ ನಡೆದದ್ದು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಬೆಳಗಿನಿಂದ ಮೂರು ಗಂಟೆಯವರೆಗೆ. ಆ ದಿನದ ಬಹುಭಾಗ ಕಾಯುವುದರಲ್ಲಿಯೇ ಕಳೆಯಿತು. ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಡಬ್ಬಿಯಲ್ಲಿಯೇ ಉಳಿಯಿತು. ನನ್ನ ಸರದಿ ಬಂದಾಗ ಪಲ್ ಜಾಂಗ್ ಕೇಳಿದರು, ಆಮೇಲೆ ಸಾಮ್ ಜಾಂಗ್, ಅಂದರೆ ಮೂರನೆಯದು. ಇಲ್ ಜಾಂಗ್ ಕೇಳಲೇ ಇಲ್ಲ. ಕೇಳುತ್ತಾರೆಂದು ಕಾದು ಕಾದು, ಪರೀಕ್ಷಕರು "ಸಾಕು, ಮುಂದಿನವರು" ಎಂದಾಗ ನನಗೆ ನಿಜವಾಗಿಯೂ ನಿರಾಸೆಯಾಯಿತು. ಕಾಳಗದಲ್ಲಿ ನನಗಿಂತ ಎತ್ತರದ ಹುಡುಗಿಯೊಬ್ಬಳು ಎದೆಕವಚದ ಮೇಲೆ ಮೂರು ಸಲ ಚೆನ್ನಾಗಿಯೇ ಒದ್ದಳು. ನಾನು ಎರಡು ಸಲ ಒದ್ದೆ. ಹಲಗೆ ಮೊದಲ ಏಟಿಗೆ ಒಡೆಯಿತು. ಇಸವಿಗಳನ್ನು ಯಾರೂ ಕೇಳಲಿಲ್ಲ, ಕುಕ್ಕಿವೊನ್ ಎಲ್ಲಿದೆ ಎಂದಷ್ಟೇ ಕೇಳಿದರು.

ಫಲಿತಾಂಶ ತಿಳಿದ ಮೇಲಿನ ಸೋಮವಾರ ಹಾಲ್‌ಗೆ ಹೋದಾಗ ಮಾಸ್ಟರ್ ಹೊಸ ಬೆಲ್ಟನ್ನು ನೋಡಿ ತಲೆಯಾಡಿಸಿ, "ಕೊರ್ಯೊ" ಎಂದರು. ಮೊದಲ ದಾನ್ ಪಡೆದವರು ಕಲಿಯುವ ಪೂಮ್ಸೆ ಅದು. ಹೆಸರು ಕೊರಿಯಾದ ಹಳೆಯ ರಾಜವಂಶದ್ದು, ಚಲನೆಗಳು ಮೂವತ್ತು. ಅದರ ಹೆಜ್ಜೆಗಳು ನೆಲದ ಮೇಲೆ ವಿದ್ವಾಂಸನೆಂಬ ಅರ್ಥದ ಒಂದು ಚೀನೀ ಅಕ್ಷರವನ್ನು ಬರೆಯುತ್ತವೆ: ಒಂದು ಉದ್ದಗೆರೆ, ಎರಡು ಅಡ್ಡಗೆರೆ, ಕೆಳಗಿನದು ಮೇಲಿನದಕ್ಕಿಂತ ಗಿಡ್ಡ. ಅಟೆಂಡರ್ ಅಷ್ಟರಲ್ಲಿ ಒದ್ದೆ ಬಟ್ಟೆ ತಂದು, ಎರಡು ತಿಂಗಳು ಕಾಪಾಡಿದ್ದ ನನ್ನ ಮೂರು ಗೆರೆಗಳನ್ನು ತಾವೇ ಒರೆಸತೊಡಗಿದ್ದರು. ನೆಲ ಆರುವವರೆಗೆ ಕಾಯಿಸಿ, ಜೇಬಿನಿಂದ ಸೀಮೆಸುಣ್ಣದ ತುಂಡೊಂದನ್ನು ತೆಗೆದುಕೊಟ್ಟು, ಈ ಸಲ ಬಾಗಿಲಿಗೆ ಅಡ್ಡ ಬಾರದ ಹಾಗೆ ಆ ಕಡೆ ಗೋಡೆಯ ಹತ್ತಿರ ಬರೆದುಕೊಳ್ಳಮ್ಮ ಎಂದರು.