ಬೆಂಚಿನ ಮೇಲೆ ಕೂತವನ ನೌಕರಿ

ಹೋದ ವಾರ ಇಲ್ಲಿ ಅಮೆರಿಕದಲ್ಲಿ ಕಸದ ಡಬ್ಬಿ ಒಳಗೆ ತರುವಾಗ ಪಕ್ಕದ ಮನೆಯಾಕೆ ಸಿಕ್ಕಿದರು. ಮಗನಿಗೆ ಕೆಲಸ ಸಿಕ್ಕಿದೆಯಂತೆ. ಒಂದು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್. ಓದಿನ ಫೀಸು ಮಾಫಿ, ಕೈಗೆ ಅಷ್ಟಿಷ್ಟು ಕಾಸು. ಎದುರಾಳಿಗಳ ವಿಡಿಯೋ ಕತ್ತರಿಸಬೇಕು, ಹುಡುಗರು ಶೂಟ್ ಮಾಡುವಾಗ ಚೆಂಡು ಹಿಡಿದು ವಾಪಸ್ ಕೊಡಬೇಕು, ಬೇಕಾದರೆ ಟವೆಲ್ಲೂ ಮಡಿಸಬೇಕು. ಆ ಹುಡುಗ ಕಾಲೇಜಿನಲ್ಲಿ ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತಿದ್ದೇ ಜಾಸ್ತಿ. ನನ್ನ ಮುಖ ನೋಡಿಯೇ ಆಕೆಗೆ ಗೊತ್ತಾಯಿತೇನೋ. "ನಾಲ್ಕು ವರ್ಷ ಕೋಚ್ ಪಕ್ಕದಲ್ಲೇ ಕೂತಿದ್ದ. ಅವನಷ್ಟು ಹತ್ತಿರದಿಂದ ಆಟ ನೋಡಿದವರು ಯಾರಿದ್ದಾರೆ?" ಅಂದರು.

ನಮ್ಮ ಕಡೆ ಯಾವ ತಾಯಿಯಾದರೂ ಇದನ್ನ ಹೆಮ್ಮೆಯಿಂದ ಹೇಳ್ತಾಳಾ?

ನಾರ್ತ್ ಕೆರೊಲೈನಾ ರಾಜ್ಯದ ನಮ್ಮ ಕ್ಯಾರಿ ಊರಲ್ಲಿ ಇರೋರಿಗೆ ಈ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು ತಪ್ಪಿದ್ದಲ್ಲ. ಡ್ಯೂಕ್ ಯೂನಿವರ್ಸಿಟಿ ಒಂದು ಕಡೆ, ಅದರ ಬದ್ಧವೈರಿ ನಾರ್ತ್ ಕೆರೊಲೈನಾ ಯೂನಿವರ್ಸಿಟಿ ಇನ್ನೊಂದು ಕಡೆ. ಡ್ಯೂಕ್‌ನ ಜಾನ್ ಶೈಯರ್ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಹೈಸ್ಕೂಲಿನಲ್ಲಿದ್ದಾಗ ಒಂದು ಪಂದ್ಯದಲ್ಲಿ 75 ಸೆಕೆಂಡಿನಲ್ಲಿ 21 ಪಾಯಿಂಟ್ ಹೊಡೆದವನು. 2010ರಲ್ಲಿ ಡ್ಯೂಕ್ ಚಾಂಪಿಯನ್ ಆದಾಗ ಕ್ಯಾಪ್ಟನ್‌ಗಳಲ್ಲಿ ಒಬ್ಬ. ಆದರೂ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಅದೇ ಬೇಸಿಗೆಯಲ್ಲಿ ಕಣ್ಣಿಗೆ ಜೋರು ಪೆಟ್ಟು. ಆಮೇಲೆ ಇಸ್ರೇಲ್, ಸ್ಪೇನ್ ಅಂತ ಆಡಿ, 2013ರಲ್ಲಿ ಹಳೇ ಗುರು, ಡ್ಯೂಕ್‌ನ ಹೆಡ್ ಕೋಚ್ ಆಗಿದ್ದ 'ಕೋಚ್ ಕೆ' ಹತ್ತಿರವೇ ವಾಪಸ್ ಬಂದ. ಮೊದಲು ವಿಶೇಷ ಸಹಾಯಕ, ಮರುವರ್ಷ ಅಸಿಸ್ಟೆಂಟ್ ಕೋಚ್. 2022ರಲ್ಲಿ ಗುರು ನಿವೃತ್ತರಾದಾಗ ಆ ಕುರ್ಚಿಯಲ್ಲಿ ಇವನೇ ಕೂತ. ಆಗ ವಯಸ್ಸು 34.

ಎಲ್ಲರೂ ಶೈಯರ್ ಆಗಲ್ಲ, ಬಿಡಿ. ಹೆಡ್ ಕೋಚ್ ಬದಲಾದರೆ ಅಸಿಸ್ಟೆಂಟ್‌ಗಳೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. ಆದರೆ ಹತ್ತೋಕೆ ಮೆಟ್ಟಿಲಂತೂ ಇದೆ. 2023ರಿಂದ ದೊಡ್ಡ ಕಾಲೇಜುಗಳ ಒಂದು ತಂಡಕ್ಕೆ ಹೆಡ್ ಕೋಚ್ ಅಲ್ಲದೆ ಐದು ಜನ ಅಸಿಸ್ಟೆಂಟ್‌ಗಳು ಇರಬಹುದು. ನಮ್ಮ ಕಾಲೇಜಿನಲ್ಲಿ ಒಬ್ಬರೇ ಪಿ.ಟಿ. ಮೇಷ್ಟ್ರು. ಕಬಡ್ಡಿ, ಖೋ ಖೋ, ವಾಲಿಬಾಲ್ ಜೊತೆಗೆ ಆಗಸ್ಟ್ ಹದಿನೈದರ ಪೆರೇಡೂ ಅವರದ್ದೇ.

ನಮಗೆ ಬಾಸ್ಕೆಟ್‌ಬಾಲ್ ಕಲಿಸಿದ್ದು ಅವರಲ್ಲ, ಒಬ್ಬ ಸೀನಿಯರ್. ರಾಜ್ಯಕ್ಕೆ ಆಡಿದವರು, ಸ್ಪೋರ್ಟ್ಸ್ ಕೋಟಾದಲ್ಲಿ ಬ್ಯಾಂಕ್ ಸೇರಿದ್ದರು. ಆ ಕೋಟಾವನ್ನ ನಾನು ಬಯ್ಯೋದಿಲ್ಲ, ಎಷ್ಟೋ ಆಟಗಾರರ ಮನೆ ನಡೆದದ್ದೇ ಅದರಿಂದ. ಆದರೆ ಆಡೋ ವಯಸ್ಸು ಮುಗಿದ ಮೇಲೆ ಆ ಮನುಷ್ಯ ಡಿಡಿ ಬರೆಯುತ್ತಾ ಕೌಂಟರಿನಲ್ಲಿ ಕೂತರು. ಕೋಚ್ ಆಗಬೇಕಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸು, ಎನ್‌ಐಎಸ್ ಡಿಪ್ಲೊಮಾ ಮಾಡಬೇಕಿತ್ತು. ಸಂಸಾರ ಬಿಟ್ಟು ಹೋಗೋದು ಹೇಗೆ? ಸಂಜೆ ಪ್ಯಾಂಟು ಮಡಚಿಕೊಂಡು ಕೋರ್ಟಿಗೆ ಇಳಿದು, ಸುಮ್ನೆ ಪ್ರೀತಿಗೆ ನಮಗೆ ಹೇಳಿಕೊಡುತ್ತಿದ್ದರು. ಡಿಫೆನ್ಸ್‌ಗೆ ನಿಂತಾಗ ಹಿಂದಿನಿಂದ ಬಂದು ನಮ್ಮ ಹಿಮ್ಮಡಿ ಕೆಳಗೆ ಒಂದು ರೂಪಾಯಿ ನಾಣ್ಯ ತೂರಿಸೋರು. ಅದು ತೂರದಿದ್ದರೆ ಬೈಗುಳ.

ಮೊನ್ನೆ ಅವರಿಗೆ ಡ್ಯೂಕ್ ಪಂದ್ಯದ ಒಂದು ತುಣುಕು ವಾಟ್ಸಾಪ್ ಮಾಡಿದೆ. ಚೆನ್ನಾಗಿದೆ ಅಂತಾರೆ ಅಂದುಕೊಂಡಿದ್ದೆ. ವಾಯ್ಸ್ ಮೆಸೇಜ್ ಬಂತು: "ಎಡಗಡೆ ನಿಂತಿರೋ ಹುಡುಗನ ಹಿಮ್ಮಡಿ ನೆಲಕ್ಕೆ ಅಂಟಿದೆ ಕಣೋ, ಅದಕ್ಕೇ ತಡ ಆಯ್ತು. ಅವನ ಕೋಚ್‌ಗೆ ಹೇಳು."

ಶೈಯರ್ ನಂಬರ್ ನನ್ನ ಹತ್ರ ಎಲ್ಲಿದೆ ಸಾರ್!