ಶೆಡ್ ಮಕ್ಕಳ ಗೊಂಬೆಯಾಟ: ಈ ಮಳೆಗಾಲದಲ್ಲಿ ಎಲ್ಲಿಗೆ ಬಂತು

ಬೆಂಗಳೂರಿನ ನಮ್ಮ ಏರಿಯಾದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್‌ಗಳ ಸಾಲಿದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದರೆ ಶೆಡ್ ನೋಡಿಕೊಳ್ಳುವವರು ಎಂಟು ಒಂಬತ್ತು ವರ್ಷದ ಮಕ್ಕಳೇ. ಕಂಕುಳಲ್ಲಿ ತಮ್ಮನೋ ತಂಗಿಯೋ ಇದ್ದೇ ಇರುತ್ತದೆ. ಅವರ ಜೊತೆ ಪ್ರತಿ ಭಾನುವಾರ ನೆರಳಿನ ಗೊಂಬೆ ಮಾಡುತ್ತೇವೆ.

ಈ ಸಲ ಹೊಸದಾಗಿ ತಂದ ನಿಯಮ ಒಂದೇ: ಕೂತ ದಿನವೇ ಗೊಂಬೆ ಮುಗಿಯಬೇಕು, ಮಗುವಿನ ಕೈಗೆ ಹೋಗಬೇಕು. ಮೇಸ್ತ್ರಿ ಬೇರೆ ಸೈಟಿಗೆ ಕರೆದರೆ ಕುಟುಂಬ ಮರುದಿನವೇ ಗಂಟುಮೂಟೆ ಕಟ್ಟುತ್ತದೆ. 'ಮುಂದಿನ ವಾರ ಬಣ್ಣ ಹಚ್ಚೋಣ' ಅಂದರೆ ಆ ಮುಂದಿನ ವಾರ ಕೆಲವರಿಗೆ ಬರುವುದೇ ಇಲ್ಲ. ಅರ್ಧಕ್ಕೇ ನಿಂತು ಹೋದದ್ದು ಈ ಮಕ್ಕಳ ಬದುಕಿನಲ್ಲಿ ಈಗಾಗಲೇ ಜಾಸ್ತಿ ಇದೆ, ಶಾಲೆಯೂ ಸೇರಿ.

ತೊಗಲುಗೊಂಬೆ ಎಂದರೆ ಹದ ಮಾಡಿದ ಆಡಿನ ಚರ್ಮ ಬೇಕು. ಅದು ನಮ್ಮ ಕೈಗೆ ಸಿಗುವಂಥದ್ದಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿ, ಹಿಂದಿನಿಂದ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಒರೆಸುತ್ತೇವೆ. ಕಾಗದದ ಮೂಲಕ ಬೆಳಕು ಹಾಯುತ್ತದೆ, ಬಣ್ಣವೂ ಕದಡುವುದಿಲ್ಲ. ಒಡವೆ, ಸೀರೆಯ ಅಂಚು ಕಾಣಬೇಕಾದ ಕಡೆ ಕೈವಾರದ ಮೊನೆಯಿಂದ ಸಾಲಾಗಿ ತೂತು. ಕಡ್ಡಿಗೆ ತೆಂಗಿನ ಪೊರಕೆ. ಪರದೆಗೆ ಬಿಳಿ ಪಂಚೆ, ಹಿಂದೆ ಒಂದು ಚಾರ್ಜಿಂಗ್ ಬಲ್ಬು.

ಜುಲೈನಲ್ಲಿ ಒಬ್ಬ ಹುಡುಗಿಯ ಗೊಂಬೆಯ ಕೈಯನ್ನು ಅವಳ ತಮ್ಮ ಎಳೆದು ಹರಿದ. ಅವಳ ಕಣ್ಣು ತುಂಬಿತು. 'ಅಕ್ಕಾ, ಕೈ ಹರದೈತ್ರಿ' ಎಂದು ತಂದು ತೋರಿಸಿದಳು. ಹೊಸ ಶೀಟು ಕೊಡಲಿಲ್ಲ. ಸೂಜಿ, ದಾರ ಕೊಟ್ಟು ಪಕ್ಕದಲ್ಲಿ ಕೂತೆ. ಹರಿದ ಎರಡು ತುಂಡನ್ನು ಒಂದರ ಮೇಲೊಂದು ಇಟ್ಟು, ತೂತು ಮಾಡಿ, ದಾರ ತೂರಿಸಿ, ಎರಡೂ ಕಡೆ ಗಂಟು ಹಾಕಿದಳು. ಗಂಟು ಸ್ವಲ್ಪ ಸಡಿಲವಿತ್ತು, ಅದಕ್ಕೇ ಮೊಣಕೈ ಮಡಚುವಂತಾಯಿತು! ಕೈ ಬೀಸುವ ಗೊಂಬೆ ಅವತ್ತು ಅವಳೊಬ್ಬಳದೇ. ಉಳಿದವರು ತಮ್ಮ ಗೊಂಬೆಯ ಕೈಯನ್ನು ತಾವೇ ಕತ್ತರಿಸಿಕೊಂಡು ಬಂದು ಅವಳ ಮುಂದೆ ಸಾಲು ನಿಂತರು. ಅವಳೇ ಎಲ್ಲರಿಗೂ ಕಲಿಸಿದಳು. ಮುರಿದದ್ದನ್ನು ಸರಿಮಾಡಬಹುದು ಎಂದು ನಾನು ಬಾಯಲ್ಲಿ ಎಷ್ಟು ಹೇಳಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಫೋಟೊ ತೋರಿಸಿದೆ. 'ನಮ್ಮ ಕಡೀ ಅಜ್ಜಿ!' ಎಂದು ರಾಯಚೂರಿನ ಹುಡುಗನೊಬ್ಬ ಎದ್ದು ನಿಂತ. ಈ ಊರಿನಲ್ಲಿ ಅವನ ಮಾತಿನ ಧಾಟಿ ಕೇಳಿ ನಗುವವರೇ ಜಾಸ್ತಿ. ಅವತ್ತು ತೊಗಲುಗೊಂಬೆಯಾಟದ ನಗಿಸುವ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕನ ಹಾಸ್ಯವನ್ನು ಅವನು ತನ್ನ ಧಾಟಿಯಲ್ಲೇ ಆಡಿದ, ಯಾರಿಗೂ ಹೆದರದೆ.

ಕಷ್ಟ ಹೇಳಿಕೊಳ್ಳಿ ಎಂದು ನಾವು ಯಾರನ್ನೂ ಕೇಳುವುದಿಲ್ಲ. ಪರದೆಯ ಹಿಂದೆ ಮುಖ ಕಾಣುವುದಿಲ್ಲ ಅಲ್ವಾ, ಮಾತು ತಾನಾಗಿ ಬರುತ್ತದೆ. ನೀರಿನ ಟ್ಯಾಂಕರ್ ಮುಂದೆ ನಡೆಯುವ ಜಗಳ, ಕುಡಿದು ಬರುವ ಮಾವ, ಊರಿನಲ್ಲಿ ಬಿಟ್ಟು ಬಂದ ಮೇಕೆ, ಎಲ್ಲವೂ ಆಟದಲ್ಲಿ ಬಂದಿವೆ. ಅದನ್ನು ಆಟವಾಗಿಯೇ ನೋಡುತ್ತೇವೆ, ಕೆದಕುವುದಿಲ್ಲ. ಆದರೆ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಸುಮ್ನೆ ಇರಬಾರದು ಎಂದು ಬರುವ ಪ್ರತಿ ಸ್ವಯಂಸೇವಕರಿಗೂ ಮೊದಲ ದಿನವೇ ಹೇಳುತ್ತೇನೆ.

ಇನ್ನೊಂದು ಮಾತನ್ನೂ ಹೇಳುತ್ತೇನೆ: ಬರುವುದಾದರೆ ತಪ್ಪದೆ ಬನ್ನಿ. ಮನಶ್ಶಾಸ್ತ್ರಜ್ಞರಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಗಲಾಟೆ ಎಲ್ಲ ಸೇರಿ ತುಂಬ ಕಷ್ಟದಲ್ಲಿದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿ ಬೆಳೆದು ನಿಂತರು. ಅಂಥವರಿಗೆ ನೆಚ್ಚಿಕೊಳ್ಳಲು ದೊಡ್ಡವರು ಯಾರೋ ಒಬ್ಬರಾದರೂ ಇದ್ದರು, ಅಜ್ಜಿಯೋ ಟೀಚರೋ ಪಕ್ಕದ ಮನೆಯವರೋ. ಚಿತ್ರ ಬಿಡಿಸಲು ಬಾರದ ಸ್ವಯಂಸೇವಕರೂ ನಮಗೆ ಬೇಕು ಅನ್ನುವುದು ಇದಕ್ಕೇ. ಒಂದೇ ದಿನ ಬಂದು ಫೋಟೊ ತೆಗೆದುಕೊಂಡು ಹೋಗುವವರಿಗೆ ಈಗ ನಯವಾಗಿಯೇ ಬೇಡ ಅನ್ನುತ್ತಿದ್ದೇವೆ.

ಬೇಸ್‌ಮೆಂಟ್ ಕೆಲಸ ಮುಗಿಯುತ್ತಾ ಬಂತು. ದೀಪಾವಳಿ ಹೊತ್ತಿಗೆ ಅರ್ಧ ಶೆಡ್ ಖಾಲಿಯಾಗಬಹುದು. ಅದಕ್ಕೇ ಈಗ ಒಂದೊಂದು ಮನೆಗೂ ಒಂದು ಬಟ್ಟೆ ಚೀಲ ಸಿದ್ಧ ಮಾಡುತ್ತಿದ್ದೇವೆ: ಸೂಜಿ, ದಾರ, ಕತ್ತರಿ, ಸ್ಕೆಚ್ ಪೆನ್, ಒಂದಿಷ್ಟು ಶೀಟು, ಅರ್ಧ ಪಂಚೆ. ದೊಡ್ಡ ಮಕ್ಕಳು ಪರದೆ ಕಟ್ಟುವುದನ್ನು ಈ ಭಾನುವಾರದಿಂದ ಕಲಿಯುತ್ತಾರೆ. ಹಳೆಯ ಬಿಳಿ ಪಂಚೆ, ಒಂದು ಕಡೆ ಖಾಲಿ ಇರುವ ತೆಳು ಲಗ್ನಪತ್ರಿಕೆ ಇದ್ದರೆ ಎತ್ತಿಡಿ. ಫಾಯಿಲ್ ಹಚ್ಚಿದವು ಬೇಡ, ಎಣ್ಣೆ ಹಿಡಿಯುವುದಿಲ್ಲ.