ಹಾಸಿಗೆಯ ಆ ಬದಿಯಲ್ಲಿ ಇನ್ನೊಬ್ಬರು

ರಾತ್ರಿ ಪಾಳಿಯಲ್ಲಿ ರೋಗಿಯ ಮಗ್ಗುಲು ಬದಲಿಸುವ ಹೊತ್ತಿಗೆ, ಕರೆಯದೆಯೇ ಯಾರಾದರೂ ಬಂದು ಹಾಸಿಗೆಯ ಆ ಬದಿಯ ಚಾದರ ಹಿಡಿದರೆ ನನ್ನ ಅರ್ಧ ಆಯಾಸ ಅಲ್ಲೇ ಇಳಿಯುತ್ತದೆ. ಹಾಸಿಗೆ ಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಾಡುವ ಕೆಲಸ ಅದು. ಒಬ್ಬರೇ ಮಾಡಿದರೆ ಸೊಂಟವೂ ಸೋಲುತ್ತದೆ, ಮನಸ್ಸೂ ಸೋಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ಈ ಎರಡನೆಯದೇ ನನಗೆ ಹೆಚ್ಚು ಭಯ. ರೋಗಿ ಹೆಸರು ಕಳೆದುಕೊಂಡು ‘ಏಳನೇ ಬೆಡ್’ ಆಗಿಬಿಡುವುದು ಆಗಲೇ. ಪಾಳಿ ಬದಲಾಗುವಾಗ ಅವಸರವಿಲ್ಲದೆ ವಿವರ ಒಪ್ಪಿಸುವ ದಾದಿಯರು, ಕಿರಿಯರ ಅನುಮಾನಕ್ಕೂ ಕಿವಿಗೊಡುವ ವೈದ್ಯರು ಇರುವ ವಾರ್ಡುಗಳಲ್ಲಿ ಇದು ಕಡಿಮೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗೆಂದು ಒಗ್ಗಟ್ಟಿನ ಹೆಸರು ಹೇಳಿ ಹುದ್ದೆಗಳನ್ನು ಖಾಲಿ ಬಿಡುವುದು ಅನ್ಯಾಯ. ಹತ್ತು ಜನರ ಕೆಲಸವನ್ನು ಐವರು ಎಷ್ಟೇ ಪ್ರೀತಿಯಿಂದ ಹಂಚಿಕೊಂಡರೂ ಕೊನೆಗೆ ಐವರೂ ಕುಸಿಯುತ್ತಾರೆ. ಮೊದಲು ಜನರನ್ನು ಕೊಡಿ, ಆಮೇಲೆ ತಂಡ ಕಟ್ಟುವ ತರಬೇತಿ ಕೊಡಿ.

ಹೊಸದಾಗಿ ಸೇರಿದ ಹುಡುಗಿಗೆ ಮೊದಲ ರಾತ್ರಿ ಪಾಳಿಗಳಲ್ಲಿ ಹಿರಿಯರೊಬ್ಬರನ್ನು ಜೊತೆಗೆ ಹಾಕಿ ಎಂದು ಕೇಳಿದ್ದೆ. ಒಪ್ಪಿದ್ದಾರೆ.